ಅಂಚಿಲ್ಲದ ಚೀಲ

ಕಂಬಳಿಯಂಥ ಮೋಸದ ವಸ್ತು ಇನ್ನೊಂದಿಲ್ಲ ಎಂದು ಆ ಕಾಲಕ್ಕೆ ನಾನು ಗಟ್ಟಿಯಾಗಿ ನಂಬಿದ್ದೆ. ಮನೆಯಲ್ಲಿ ಎತ್ತಿದರೆ ಹಗುರ, ಮಾಕಳಿದುರ್ಗವನ್ನು ಅರ್ಧ ಹತ್ತುವಷ್ಟರಲ್ಲಿ ಹೆಣಭಾರ. ಆದರೂ ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಪ್ರತಿ ಧನುರ್ಮಾಸ ನಾನು, ನನ್ನ ತಮ್ಮ ಒಂದು ರಾತ್ರಿ ಆ ಬೆಟ್ಟದ ಮೇಲೆ ಮಲಗಿ ಬರುತ್ತಿದ್ದೆವು. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು. ವರ್ಷವಿಡೀ ಅವುಗಳ ಧೂಳು ಕುಡಿದವರಿಗೆ ಒಂದು ದಿನವಾದರೂ ಬೇರೆ ಗಾಳಿ ಬೇಕಿತ್ತು.

ತಮ್ಮನಿಗೆ ಉಬ್ಬಸ. ಒಂದು ವರ್ಷ ಅದು ಜೋರಾಗಿ, ಅವನು ಕಂಬಳಿ ಹೊತ್ತು ಹತ್ತಲಾರದಂತಾದ. ಎರಡನ್ನೂ ನಾನೇ ಹೊರುವುದು ಆಗದ ಮಾತು. ಬಿಟ್ಟು ಹೋದರೆ ಚಳಿ ಅವನ ಎದೆಗೆ ಇಳಿಯುತ್ತದೆ.

"ನೀನು ಹೋಗ್ಬಾ ಅಣ್ಣ, ನಾನು ಮನೇಲೇ ಇರ್ತೀನಿ" ಎಂದ. ಅವನು ಅಷ್ಟು ಸುಲಭವಾಗಿ ಸೋತಿದ್ದು ನನಗೆ ಹಿಡಿಸಲಿಲ್ಲ.

ಬೆಟ್ಟದ ಕೆಳಗಿನ ರೈಲ್ವೆ ಸ್ಟೇಷನ್ನಿನಲ್ಲಿ ಬೆಂಗಳೂರಿನ ಚಾರಣಿಗರು ಮಲಗುವ ಚೀಲ ಮಡಚುವುದನ್ನು ಹಿಂದಿನ ವರ್ಷ ನೋಡಿದ್ದೆ. ನಾವೇನು ಬಟ್ಟೆ ಕಾಣದವರೇ? ನಾನೇ ಒತ್ತಾಗಿ ನೇಯ್ದ ಬಿಳಿ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ, ತೆಗೆದುಕೊಂಡು ತಮ್ಮನಿಗೆ ಅಂಥದೇ ಒಂದು ಚೀಲ ಹೊಲಿದೆ. ಒಳಗೆ ಬೂರುಗದ ಹತ್ತಿ, ಮಂಜು ಇಳಿಯದಂತೆ ಸೀರೆ ಸುತ್ತುವ ಪ್ಲಾಸ್ಟಿಕ್ ಹಾಳೆಯ ಒಂದು ಪದರ, ತಲೆಯ ಕಡೆ ಬಿಗಿದುಕೊಳ್ಳಲು ದಾರ. ನೂಲಿನ ತಕ್ಕಡಿಯಲ್ಲಿಟ್ಟರೆ ಕಂಬಳಿಯ ಅರ್ಧ ತೂಕವೂ ಇಲ್ಲ. ನನಗೆ ಕೋಡು ಮೂಡಿತು.

ಅಮ್ಮ ಅದನ್ನು ಮುಟ್ಟಲಿಲ್ಲ. "ಅಂಚಿಲ್ದಿರೋ ಬಿಳೀ ಬಟ್ಟೇನ ಬದುಕಿರೋರಿಗೆ ಹೊದಿಸಲ್ಲ ಕಣೋ. ತಡಿ, ಕೆಂಪು ದಾರದಲ್ಲಿ ಒಂದು ಅಂಚು ಹಾಕ್ತೀನಿ."

"ರೈಲಿಗೆ ಹೊತ್ತಾಯ್ತು, ಬಂದ್ಮೇಲೆ ಹಾಕು" ಎಂದು ನಕ್ಕು ಹೊರಟುಬಿಟ್ಟೆ.

ಬೆಟ್ಟದ ಮೇಲೆ ಕತ್ತಲಾಗುತ್ತಲೇ ಗಾಳಿ ಎದ್ದಿತು. ತಮ್ಮ ಚೀಲದೊಳಗೆ ನುಸುಳುವಾಗ ಅವನ ಉಣ್ಣೆ ಸ್ವೆಟರಿಗೆ ಬಟ್ಟೆ ಉಜ್ಜಿ ಚಟಚಟ ಎಂದು ನೀಲಿ ಕಿಡಿಗಳು ಹಾರಿದವು. ಸೊಂಟದವರೆಗೆ, ಎದೆಯವರೆಗೆ, ಅವನ ಹಿಂದೆಯೇ ಏನೋ ಹತ್ತಿ ಬರುತ್ತಿರುವ ಹಾಗೆ. ಇಬ್ಬರೂ ನಗಲಿಲ್ಲ.

"ಕುತ್ತಿಗೆ ಹತ್ರ ಗಾಳಿ ಬರ್ತದೆ, ಬಿಗಿ ಮಾಡಣ್ಣ" ಎಂದ. ಮೂಗು, ಬಾಯಿ ಹೊರಗಿರುವಂತೆ ಬಿಟ್ಟು ದಾರ ಎಳೆದು ಗಂಟು ಹಾಕಿದೆ.

ನಮ್ಮ ಬೀದಿಯವರಿಗೆ ಮಗ್ಗದ ಸದ್ದಿದ್ದರೆ ನಿದ್ದೆ, ನಿಂತರೆ ಎಚ್ಚರ. ನಡುರಾತ್ರಿ ಕರೆಂಟ್ ಹೋದರೆ ಬೀದಿಗೆ ಬೀದಿಯೇ ಎದ್ದು ಕೂರುತ್ತದೆ. ಬೆಟ್ಟದ ಆ ಮೌನದಲ್ಲಿ ನನಗೆ ಕಣ್ಣು ಹತ್ತಲಿಲ್ಲ. ಎಷ್ಟೋ ಹೊತ್ತಿನ ಮೇಲೆ ದೂರದಲ್ಲೆಲ್ಲೋ ಒಂದು ಮಗ್ಗ ಓಡುತ್ತಿರುವುದು ಕೇಳಿಸಿತು. ಇಲ್ಲಿ ಯಾವ ಮಗ್ಗ ಎಂದು ಯೋಚಿಸುವ ಮೊದಲೇ ನಿದ್ದೆ ಬಂತು.

ಮಗ್ಗ ನಿಂತಿತು. ನಾನು ಎದ್ದು ಕೂತೆ.

ಕರೆಂಟ್ ಹೋಯಿತು ಎಂದುಕೊಂಡು ಗೋಡೆಗೆ ಕೈ ಚಾಚಿದರೆ ಗೋಡೆಯಿಲ್ಲ, ನಕ್ಷತ್ರ. ನಾನು ಕೇಳುತ್ತಿದ್ದದ್ದು ತಮ್ಮನ ಉಬ್ಬಸ ಎಂದು ಆಗ ಹೊಳೆಯಿತು. ಪಕ್ಕಕ್ಕೆ ತಿರುಗಿದೆ. ಅಲ್ಲಿ ಉದ್ದಕ್ಕೆ ಬಿಳಿಯದೊಂದು ಮಲಗಿತ್ತು, ಅದಕ್ಕೆ ಮುಖವಿರಲಿಲ್ಲ. ನಿದ್ದೆಯಲ್ಲಿ ಅವನು ಕೆಳಕ್ಕೆ ಜಾರಿ, ಚೀಲದ ಬಾಯಿ ಅವನ ತಲೆಯ ಮೇಲೆ ಮುದುಡಿ ಮುಚ್ಚಿಕೊಂಡಿತ್ತು.

ಗಂಟಿಗೆ ಕೈ ಹಾಕಿದೆ. ಬೆರಳಿಗೆ ತಾಗಿದ ಕೂಡಲೇ ನಾನು ಮಾಡಿದ್ದು ಏನೆಂದು ತಿಳಿಯಿತು. ಮಗ್ಗದಲ್ಲಿ ಎಳೆ ತುಂಡಾದರೆ ಹಾಕುವ ಗಂಟು ಅದು. ದಿನಕ್ಕೆ ನೂರು ಸಲ ಹಾಕುತ್ತೇವೆ, ಒಂದನ್ನೂ ಬಿಚ್ಚುವುದಿಲ್ಲ, ಎಳೆದಷ್ಟೂ ಬಿಗಿಯುತ್ತದೆ. ನನ್ನ ಬೆರಳುಗಳು ನನ್ನನ್ನು ಕೇಳದೆ ಅದನ್ನೇ ಹಾಕಿದ್ದವು. ಭಾರ ಇಳಿಸುವ ಹುಚ್ಚಿನಲ್ಲಿ ಚಾಕು, ಕತ್ತರಿ ಎರಡನ್ನೂ ಮನೆಯಲ್ಲೇ ಬಿಟ್ಟಿದ್ದೆ. ಬಟ್ಟೆ ಹರಿಯಲು ನೋಡಿದೆ. ನಾನೇ ನೇಯ್ದದ್ದು, ಹರಿಯಲಿಲ್ಲ. ಅಷ್ಟು ಭಯ ನನಗೆ ಅದಕ್ಕೆ ಮೊದಲೂ ಆಗಿಲ್ಲ, ಆಮೇಲೂ ಆಗಿಲ್ಲ.

ದಾರವನ್ನು ಹಲ್ಲಿನಿಂದ ಕಡಿದೆ. ಹಲ್ಲಿನಿಂದ ಎಳೆ ಕಡಿಯಬೇಡ ಎಂದು ಅಮ್ಮ ಜೀವಮಾನವಿಡೀ ಬೈದ ಅಭ್ಯಾಸ. ಬಾಯಿ ಬಿಚ್ಚಿಕೊಂಡಿತು. ಒಳಗಿನಿಂದ ಒದ್ದೆ ಬಿಸಿ ಬಂತು, ಆಮೇಲೆ ತಮ್ಮನ ಮುಖ. ಕೆನ್ನೆಗೆ ಎರಡೇಟು ಹಾಕಿದೆ. ಬಾವಿಯಿಂದ ಮೇಲೆ ಬಂದವನಂತೆ ಉಸಿರೆಳೆದುಕೊಂಡ.

ಕಣ್ಣು ಬಿಟ್ಟು ಅವನು ಕೇಳಿದ್ದು ಒಂದೇ ಮಾತು: "ಅಣ್ಣ, ಕರೆಂಟ್ ಹೋಯ್ತಾ?"

ಬೆಳಗಾಗುವ ತನಕ ಇಬ್ಬರೂ ಒಂದೇ ಕಂಬಳಿಯಲ್ಲಿ ಕೂತಿದ್ದೆವು. ಅಮ್ಮನಿಗೆ ಇಬ್ಬರೂ ಏನೂ ಹೇಳಲಿಲ್ಲ. ಅವಳು ದಾರದ ಕಡಿದ ತುದಿಯನ್ನು ನೋಡಿ, ಚೀಲವನ್ನು ಒಲೆಗೆ ಹಾಕಿದಳು. ಮುಂದಿನ ವರ್ಷದಿಂದ ಎರಡೂ ಕಂಬಳಿಗಳನ್ನು ನಾನೇ ಹೊತ್ತೆ. ಆಗದ ಮಾತೇನೂ ಆಗಿರಲಿಲ್ಲ.

ಮನೆಯಲ್ಲಿ ಆಮೇಲೂ ರಾತ್ರಿ ಹೊತ್ತು ಕರೆಂಟ್ ಹೋಗುತ್ತಿತ್ತು. ಎಲ್ಲರೂ ಎದ್ದು ದೀಪ ಹುಡುಕಿದರೆ ನಾನು ಕತ್ತಲಲ್ಲೇ ತಮ್ಮನ ಮೂಗಿನ ಹತ್ತಿರ ಕೈ ಹಿಡಿಯುತ್ತಿದ್ದೆ. ನಮ್ಮ ಬೀದಿಯಲ್ಲಿ ಹುಟ್ಟಿದವನು, ಅವನಿಗೂ ಎಚ್ಚರವಾಗಿರುತ್ತಿತ್ತು. ಆದರೂ ಕಣ್ಣು ಮುಚ್ಚಿಕೊಂಡೇ ನನ್ನ ಅಂಗೈ ಮೇಲೆ ಜೋರಾಗಿ ಒಮ್ಮೆ ಉಸಿರು ಬಿಡುತ್ತಿದ್ದ.