ಎರಡು ಪದವಿಗಳ ನಡುವೆ ಈಪ್ಪನ್ ಸರ್

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಕಳೆದ ಮೂರು ದಶಕಗಳಿಂದ ಈಚೆಗೆ ಪದವಿ ತರಗತಿಯ ಗಣಿತವನ್ನು ಹೆದರದೆ ಕಲಿತವರು ಯಾರೇ ಇರಲಿ, ಆ ಹೆದರಿಕೆಯನ್ನು ಬಿಡಿಸಿದವರು ಯಾರೆಂದು ಕೇಳಿದರೆ ಬಹುಮಂದಿ ಪ್ರೊ. ಈಪ್ಪನ್ ಅವರ ಹೆಸರನ್ನೇ ಹೇಳಿಯಾರು. ಗ್ರಂಥಗಳನ್ನು ಬರೆದು, ಸಮ್ಮೇಳನಗಳಲ್ಲಿ ಮಿಂಚಿ ಹೆಸರಾದವರು ಅವರಲ್ಲ. ಕರಿಹಲಗೆಯ ಎದುರು ನಿಂತು, ಒಂದು ತಲೆಮಾರಿಗೆ ಲೆಕ್ಕವನ್ನಷ್ಟೇ ಅಲ್ಲದೆ ಲೆಕ್ಕ ತಪ್ಪುವ ಧೈರ್ಯವನ್ನೂ ಕಲಿಸಿದ ಅಪರೂಪದ ಅಧ್ಯಾಪಕರು ಅವರು.

ನೆಲ್ಯಾಡಿಯ ಬಳಿ ರಬ್ಬರ್ ತೋಟ ಮಾಡಿಕೊಂಡಿದ್ದ, ಕೇರಳದಿಂದ ಬಂದು ನೆಲೆಸಿದ ಕುಟುಂಬದಲ್ಲಿ ಹುಟ್ಟಿ, ಮನೆಯಲ್ಲಿ ಮಲಯಾಳ, ಬಸ್ಸಿನಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಮೂರು ಭಾಷೆಗಳ ನಡುವೆ ಬೆಳೆದ ಈಪ್ಪನ್ ಅವರು ಮೊದಲು ಪುತ್ತೂರಿನಲ್ಲಿ, ಬಳಿಕ ಸುಳ್ಯದಲ್ಲಿ ಪಾಠ ಮಾಡಿ, ಕೊನೆಗೆ ಕಡಬದ ನಮ್ಮ ಕಾಲೇಜಿಗೆ ವಿಭಾಗ ಮುಖ್ಯಸ್ಥರಾಗಿ ಬಂದರು. ಸುಳ್ಯದಲ್ಲಿದ್ದಾಗ ಮರ್ಕಂಜದ ದಿಶಾಂತ್ ಎಂಬ ವಿದ್ಯಾರ್ಥಿ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡು ಮಲಗಿದ್ದ. ಪರೀಕ್ಷೆಯವರೆಗೆ ಪ್ರತಿ ಆದಿತ್ಯವಾರ ಇಗರ್ಜಿಯಿಂದ ನೇರ ಅವನ ಮನೆಗೆ ಹೋಗಿ, ಮಂಚದ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಪಾಠ ಮಾಡಿದವರು ಇವರು. ದಿಶಾಂತ್ ಈಗ ಸುಳ್ಯದಲ್ಲಿ ಗಣಿತವನ್ನೇ ಕಲಿಸುತ್ತಿದ್ದಾರೆ.

ಇಂಥ ಅಭಿನಂದನ ಗ್ರಂಥದಲ್ಲಿ ಹೊಟ್ಟೆಕಿಚ್ಚಿನ ಸುದ್ದಿ ಎತ್ತಬಾರದೆಂಬುದು ಶಿಷ್ಟಾಚಾರ. ಆದರೂ ಈಪ್ಪನ್ ಅವರ ಅಧ್ಯಾಪನದ ಅತ್ಯಂತ ದೊಡ್ಡ ಕಾಲಘಟ್ಟ ಹೊಟ್ಟೆಕಿಚ್ಚಿನಿಂದಲೇ ಆರಂಭವಾಯಿತೆಂಬುದು ವಿಭಾಗದಲ್ಲಿ ಅವರ ಪಕ್ಕದ ಮೇಜಿನಲ್ಲಿ ಕುಳಿತವರಿಗೆ ಗೊತ್ತು. ಇದನ್ನು ಬರೆಯಬಹುದೇ ಎಂದು ಅವರನ್ನೇ ಕೇಳಿದ್ದಾಯಿತು. "ಬರೆಯಿರಿ ಮಾರಾಯ್ರೆ. ಬರೀ ಹೊಗಳಿಕೆ ಇದ್ದರೆ ನನ್ನ ಹೆಂಡತಿಯೂ ಓದುದಿಲ್ಲ" ಎಂದರು.

ಒಬ್ಬ ವಿದ್ಯಾರ್ಥಿ ಏಕಕಾಲದಲ್ಲಿ ಎರಡು ಪದವಿಗಳನ್ನು ಓದಬಹುದೆಂಬ ನಿಯಮ ಬಂದ ಹೊಸತರಲ್ಲಿ, ನಮ್ಮ ಆಡಳಿತ ಮಂಡಳಿಯವರು ಹೊರರಾಜ್ಯದ ವಿಶ್ವವಿದ್ಯಾಲಯವೊಂದರ ಜೊತೆ ಮಾತುಕತೆ ನಡೆಸಿದರು. ಹಗಲು ನಮ್ಮಲ್ಲಿ ಬಿ.ಎಸ್ಸಿ., ಸಂಜೆ ಆನ್‌ಲೈನಿನಲ್ಲಿ ಅವರ ದತ್ತಾಂಶ ವಿಜ್ಞಾನದ ಪದವಿ. ಸಿಬ್ಬಂದಿ ಸಭೆಯಲ್ಲಿ ಎಲ್ಲರೂ ತಲೆದೂಗುತ್ತಿದ್ದಾಗ ಎದ್ದು ನಿಂತವರು ಈಪ್ಪನ್ ಒಬ್ಬರೇ.

"ಕುಚ್ಚಲಕ್ಕಿ, ಬೆಳ್ತಿಗೆ ಅಕ್ಕಿ ಎರಡನ್ನೂ ಒಂದೇ ಪಾತ್ರೆಗೆ ಹಾಕಿದರೆ ಎಂತ ಆಗ್ತದೆ? ಒಂದು ಬೇಯುವಷ್ಟರಲ್ಲಿ ಇನ್ನೊಂದು ಗಂಜಿ ಆಗ್ತದೆ."

ಸಭೆ ನಕ್ಕಿತು, ಯೋಜನೆ ಮಾತ್ರ ಜಾರಿಗೆ ಬಂತು. ಮೊದಲ ತಂಡದಲ್ಲೇ ಹೆಸರು ಕೊಟ್ಟವಳು ಆಲಂಕಾರಿನ ಸುಹಾನಾ, ಈಪ್ಪನ್ ಅವರ ತರಗತಿಯ ಅತ್ಯಂತ ಚುರುಕಿನ ಹುಡುಗಿ. ಅವಳ ತಂದೆ, ಬಾವ ಎಂಬ ಹೆಸರಿನವರು, ದುಬೈಯಿಂದ ಮರಳಿ ಬಂದು ಆಲಂಕಾರಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದರು.

ಕೆಲವು ವಾರಗಳ ಬಳಿಕ ಒಂದು ದಿನ ಈಪ್ಪನ್ ಹಲಗೆಯ ಮೇಲೊಂದು ಸಮಸ್ಯೆ ಬರೆದು ಸುಹಾನಾಳನ್ನು ಕರೆದರು. ಅವರ ಶಿಷ್ಯರೆಲ್ಲ ಮಾಡುವಂತೆ ಒಂದೊಂದೇ ಹೆಜ್ಜೆ ಸಾಧಿಸುತ್ತ ಕೆಳಗಿಳಿಯುವ ಬದಲು, ಅವಳು ಮೊದಲು ಒಂದು ಚಿತ್ರ ಬಿಡಿಸಿದಳು. "ಉತ್ತರ ಇಷ್ಟರಿಂದ ಇಷ್ಟರ ಒಳಗೆ ಇರಬೇಕು" ಎಂದು ಅಂದಾಜು ಹೇಳಿದಳು. ಆಮೇಲೆ ಲೆಕ್ಕಕ್ಕಿಳಿದಳು. ಉತ್ತರ ಅಂದಾಜಿನೊಳಗೇ ಬಂತು. ತರಗತಿಯಲ್ಲಿ ಯಾರೋ "ಅಬ್ಬ" ಎಂದರು.

"ಇದು ಎಲ್ಲಿಯದ್ದು?" ಎಂದು ಈಪ್ಪನ್ ಕೇಳಿದರು.

"ಆ ಕೋರ್ಸಿನ ಮೇಡಂ ಹೇಳಿಕೊಟ್ಟದ್ದು ಸರ್. ಅವರು ಯಾವಾಗಲೂ ಮೊದಲು ಚಿತ್ರ ಬಿಡಿಸ್ತಾರೆ."

'ಅವರು' ಎಂಬ ಆ ಪದದಲ್ಲಿದ್ದ ಗೌರವ ಅದುವರೆಗೆ ತಮ್ಮೊಬ್ಬರ ಸೊತ್ತಾಗಿತ್ತೆಂದು ಈಪ್ಪನ್ ಅವರಿಗೆ ಆ ಕ್ಷಣದಲ್ಲಿ ಹೊಳೆಯಿತು. ಸ್ಟಾಫ್ ರೂಮಿಗೆ ಬಂದವರು ಚಹಾ ಮುಟ್ಟಲಿಲ್ಲ. ಅಂದಿನಿಂದ ಮೇಡಂ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಅವರ ಮುಖ ಹುಳಿ ತಿಂದಂತಾಗುತ್ತಿತ್ತು. ಸುಹಾನಾ ಪ್ರಶ್ನೆ ಕೇಳಿದಷ್ಟೂ ಅದು ತಮ್ಮಿಂದ ಹುಟ್ಟಿದ ಪ್ರಶ್ನೆಯೋ ಆಕೆಯಿಂದ ಹುಟ್ಟಿದ್ದೋ ಎಂದು ತೂಗಿ ನೋಡುವ ಚಟ ಅಂಟಿಕೊಂಡಿತು. ಮೂವತ್ತು ವರ್ಷ ಹಲಗೆಯ ಧೂಳು ಕುಡಿದವನು ತಾನು. ಪರದೆಯೊಳಗಿಂದ ಮಾತಾಡುವವಳು ಬಂದು ಕೊಯ್ಲು ಮಾಡುವುದೇ?

ಸುಹಾನಾಳಿಂದ ಮೇಡಂ ಅವರ ಪಾಠದ ವೀಡಿಯೊಗಳನ್ನು ತರಿಸಿಕೊಂಡು, ತಪ್ಪು ಹುಡುಕಲೆಂದೇ ಮನೆಯಲ್ಲಿ ಕುಳಿತು ನೋಡಿದರಂತೆ. ಅವರ ಪತ್ನಿ, ನಿವೃತ್ತ ಶಿಕ್ಷಕಿ ಬ್ರಿಜಿತ್ ಅವರು ಇದನ್ನು ಈಗಲೂ ನಗುತ್ತ ಹೇಳುತ್ತಾರೆ.

"ಎಂತ, ಫೋನಿನೊಟ್ಟಿಗೆ ಜಗಳವಾ?" ಎಂದು ಬ್ರಿಜಿತ್ ಕೇಳಿದ್ದರು.

"ಈ ಹೆಂಗಸು ಒಳ್ಳೆ ಪಾಠ ಮಾಡ್ತಾಳೆ."

"ಅದಕ್ಕೆ ಸಿಟ್ಟು ಯಾಕೆ?"

"ಅದಕ್ಕೇ ಸಿಟ್ಟು."

ಆ ಸಿಟ್ಟು ಕೆಲಸ ಮಾಡುವ ದಿನವೂ ಬಂತು. ಆನ್‌ಲೈನ್ ಪದವಿಯ ಪರೀಕ್ಷೆಯೂ ನಮ್ಮ ಆಂತರಿಕ ಪರೀಕ್ಷೆಯೂ ಒಂದೇ ವಾರಕ್ಕೆ ಬಿದ್ದವು. ವಿಭಾಗ ಮುಖ್ಯಸ್ಥರು ಮನಸ್ಸು ಮಾಡಿದರೆ ನಮ್ಮದನ್ನು ಮುಂದೆ ಹಾಕಲು ಯಾವ ಅಡ್ಡಿಯೂ ಇರಲಿಲ್ಲ. ಸುಹಾನಾ ಬಂದು ಮೇಜಿನ ಎದುರು ನಿಂತು ಕೇಳಿಕೊಂಡಳು.

"ಪದವಿ ಎರಡು ಇರಬಹುದು ಸುಹಾನಾ, ನೀನು ಒಬ್ಬಳೇ ಅಲ್ವಾ? ಯಾವುದು ಬೇಕು ಅಂತ ನೀನೇ ನೋಡಿಕೋ" ಎಂದರು ಈಪ್ಪನ್. ದನಿ ಮೃದುವಾಗಿಯೇ ಇತ್ತು.

ಅವಳು "ಆಯ್ತು ಸರ್" ಎಂದು ಹೋದಳು. ಆನ್‌ಲೈನ್ ಪದವಿಯ ಪರೀಕ್ಷೆಗೆ ಕೂರಲಿಲ್ಲ. ಬಳಿಕ ಆ ಪದವಿಯನ್ನೇ ಬಿಟ್ಟಳು. ಸುದ್ದಿ ತಿಳಿದ ದಿನ ಈಪ್ಪನ್ ವಿಭಾಗಕ್ಕೆಲ್ಲ ಗೋಳಿಬಜೆ ತರಿಸಿದರು. ಏನು ವಿಶೇಷವೆಂದು ಕೇಳಿದರೆ, "ಎಂತ ಇಲ್ಲ, ಹಸಿವು" ಎಂದರು.

ಗೆದ್ದ ಮೇಲೆ ಏನಾಯಿತೆಂಬುದೇ ಹೇಳಬೇಕಾದ ಸಂಗತಿ. ಸುಹಾನಾ ಎದುರಿನ ಬೆಂಚಿಗೆ ಬಂದಳು. ಒಂದು ತರಗತಿಯನ್ನೂ ತಪ್ಪಿಸಲಿಲ್ಲ, ಸರ್ ಹೇಳಿದ್ದನ್ನೆಲ್ಲ ಅಚ್ಚುಕಟ್ಟಾಗಿ ಬರೆದುಕೊಂಡಳು. ಆದರೆ ಏನನ್ನೂ ಕೇಳಲಿಲ್ಲ. ಸೆಮಿನಾರಿನಲ್ಲಿ ಅವಳು ಮಂಡಿಸಿದ ಪ್ರಬಂಧದಲ್ಲಿ ಈಪ್ಪನ್ ಅವರ ವಿಧಾನ, ಈಪ್ಪನ್ ಅವರ ಉದಾಹರಣೆ, ಕೊನೆಗೆ ಈಪ್ಪನ್ ಅವರ ಮಾತಿನ ವರಸೆ ಕೂಡ ಹಾಗೆಯೇ ಇದ್ದವು. ಸಭಾಂಗಣ ಚಪ್ಪಾಳೆ ತಟ್ಟಿತು. ಈಪ್ಪನ್ ಮಾತ್ರ ತಟ್ಟಲಿಲ್ಲ.

"ಇದನ್ನು ಬೇರೆ ರೀತಿ ಮಾಡ್ಲಿಕ್ಕೆ ಆಗುದಿಲ್ವಾ?" ಎಂದು ಕೇಳಿದರು.

"ನೀವು ಹೇಳಿದ್ದು ಇದೊಂದೇ ಸರ್."

ಮುಗಿದ ಮೇಲೆ ವರಾಂಡದಲ್ಲಿ ಅವಳನ್ನು ನಿಲ್ಲಿಸಿದರು. "ಮೊದಲು ನನ್ನ ತಲೆ ತಿನ್ನುತ್ತಿದ್ದಿ. ಈಗ ಎಂತ, ಒಂದೂ ಕೇಳುದಿಲ್ಲ? ಸಿಟ್ಟಾ?"

"ಸಿಟ್ಟಲ್ಲ ಸರ್" ಎಂದಳು ಸುಹಾನಾ. "ಅಲ್ಲಿ ಮೇಡಂ ಒಂದು ಹೇಳ್ತಿದ್ರು, ಇಲ್ಲಿ ನೀವು ಇನ್ನೊಂದು ಹೇಳ್ತಿದ್ರಿ. ಯಾವುದು ಸರಿ ಅಂತ ಸಂಶಯ ಬರ್ತಿತ್ತು, ಕೇಳ್ತಿದ್ದೆ. ಈಗ ಸಂಶಯ ಇಲ್ಲ."

ಸಂಶಯವಿಲ್ಲದ ಶಿಷ್ಯೆಯನ್ನು ತಾನೇ ತಯಾರಿಸಿದೆನಲ್ಲ ಎಂಬ ಕಸಿವಿಸಿಯಲ್ಲಿ ಈಪ್ಪನ್ ಅವರಿಗೆ ಆ ವಾರವೆಲ್ಲ ಪಾಠ ರುಚಿಸಲಿಲ್ಲ. ಕೊನೆಗೆ ವಿಶ್ವವಿದ್ಯಾಲಯದ ಮೂಲಕ ನಂಬರು ಪಡೆದು ಆ ಮೇಡಂಗೆ ಫೋನು ಮಾಡಿದರು. ಸುಹಾನಾ ಎಂಬ ವಿದ್ಯಾರ್ಥಿನಿ ನೆನಪಿದ್ದಾಳೆಯೇ ಎಂದು ಕೇಳಿದರೆ, ಸಾವಿರಾರು ಮಂದಿ ಸೇರುವ ಕೋರ್ಸು, ಮುಖಗಳೇ ಕಾಣುವುದಿಲ್ಲ, ಹೆಸರು ಹೇಗೆ ನೆನಪಿರುತ್ತದೆ ಎಂದರಂತೆ ಆಕೆ. ತಿಂಗಳುಗಟ್ಟಲೆ ತಾನು ಹೊಟ್ಟೆ ಉರಿಸಿಕೊಂಡದ್ದು ಹುಡುಗಿಯ ಹೆಸರನ್ನೂ ಅರಿಯದವರ ಮೇಲೆಯೇ ಎಂದು ಈಪ್ಪನ್ ನಾಚಿಕೊಂಡು ಫೋನು ಇಡುವುದರಲ್ಲಿದ್ದರು.

ಅಷ್ಟರಲ್ಲಿ ಆಕೆ ಕೇಳಿದರು, "ನಿಮ್ಮದು ಯಾವ ಊರು ಅಂದಿರಿ? ಕರಾವಳಿಯ ಕಡೆಯಾ? ಅಲ್ಲಿಂದ ಒಬ್ಬಳು ಪ್ರತಿ ವಾರ ಬರೆಯುತ್ತಿದ್ದಳು, 'ಸಾಧಿಸಿ ತೋರಿಸದೆ ಚಿತ್ರವನ್ನು ನಂಬುವುದು ಹೇಗೆ? ನಮ್ಮ ಸರ್ ಇದನ್ನು ಒಪ್ಪುವುದಿಲ್ಲ' ಅಂತ. ಅವಳಿಗೆ ಉತ್ತರ ಹೇಳಲಿಕ್ಕಾಗಿಯೇ ನಾನು ಎರಡು ಪಾಠ ಬದಲಾಯಿಸಿದೆ. ಆ 'ನಮ್ಮ ಸರ್' ನೀವೇನಾ?"

"ಹೌದು, ನಾನೇ" ಎಂದರು ಈಪ್ಪನ್.

ಮರುದಿನ ಸಂಜೆ ಅವರು ಆಲಂಕಾರಿಗೆ ಹೋದರು. ಬಾವ ಅವರು ಅಂಗಡಿಗೆ ಬೀಗ ಹಾಕಿ ಮನೆಗೆ ಕರೆದುಕೊಂಡು ಹೋದರು. ಸುಹಾನಾಳ ತಾಯಿ ಅಲೀಮಮ್ಮ ಸೋಡಾ ಶರಬತ್ತು ತಂದಿಟ್ಟರೂ ಮುಖ ಬಿಗಿದುಕೊಂಡೇ ಇದ್ದರು.

"ಒಂದು ಸಾಕು ಅಂತ ನೀವೇ ಹೇಳಿದ್ದಲ್ವಾ ಸಾರ್? ಮಗಳು ಕಣ್ಣೀರು ಹಾಕಿ ಎಷ್ಟು ಕೂಗಿದ್ದಾಳೆ ಗೊತ್ತುಂಟಾ? ಈಗ ಎರಡು ಬೇಕು ಅಂತ ನೀವೇ ಬಂದದ್ದಾ?"

"ಹೌದಮ್ಮ. ಅವತ್ತು ಹೊಟ್ಟೆಕಿಚ್ಚಿನಲ್ಲಿ ಹೇಳಿದ್ದು."

ಅಲೀಮಮ್ಮ ಗಂಡನ ಮುಖ ನೋಡಿದರು. ಬಾವ ಅವರು ನಗು ತಡೆಯಲಾರದೆ, "ಅಂಗಡಿಯವರಿಗೆ ಇರುದು ಕೇಳಿದ್ದೇನೆ. ಕಾಲೇಜಿನವರಿಗೂ ಇದು ಉಂಟಾ ಸರ್?" ಎಂದರು.

"ನಮಗೇ ಜಾಸ್ತಿ" ಎಂದರು ಈಪ್ಪನ್.

ಬಾಗಿಲ ಬಳಿ ನಿಂತಿದ್ದ ಸುಹಾನಾ ಮಾತ್ರ ನಗಲಿಲ್ಲ. "ಮತ್ತೆ ಎರಡೂ ಪರೀಕ್ಷೆ ಒಟ್ಟಿಗೆ ಬಂದರೆ ಸರ್?"

"ನಮ್ಮದನ್ನು ಬದಲಿಸುವ. ಅದು ನನ್ನ ಕೈಯಲ್ಲಿ ಉಂಟು. ಅವತ್ತೂ ಇತ್ತು."

ಅವಳು ಮತ್ತೆ ಸೇರಿದಳು. ಹೋದ ಸೆಮಿಸ್ಟರು ಮಾತ್ರ ಹಿಂದೆ ಬರಲಿಲ್ಲ. ಜೊತೆಯವರು ಎರಡು ಪದವಿಗಳನ್ನೂ ಒಟ್ಟಿಗೆ ಮುಗಿಸಿದಾಗ ಸುಹಾನಾಳ ಕೈಯಲ್ಲಿ ಒಂದೇ ಇತ್ತು. ಅದೇ ಕಾರಣಕ್ಕೆ ಅವಳು ಆಸೆಪಟ್ಟ ಸ್ನಾತಕೋತ್ತರ ಸೀಟು ಆ ವರ್ಷ ತಪ್ಪಿ ಮರುವರ್ಷ ಸಿಕ್ಕಿತು. ಈ ಮಾತು ಬಂದಾಗಲೆಲ್ಲ ಈಪ್ಪನ್ "ಅದು ನನ್ನ ಲೆಕ್ಕದ ತಪ್ಪು" ಎನ್ನುತ್ತಾರೆ.

ಆದರೆ ನಮ್ಮ ಕಾಲೇಜಿನಲ್ಲಿ ಎರಡು ಪದವಿ ಓದುವವರ ಪರೀಕ್ಷೆಗಳು ಅಂದಿನಿಂದ ಡಿಕ್ಕಿ ಹೊಡೆದದ್ದಿಲ್ಲ. ವಾರಕ್ಕೊಂದು ಪೀರಿಯಡ್ಡನ್ನು ಈಪ್ಪನ್ ಜಗಳಕ್ಕೆಂದೇ ಮೀಸಲಿಟ್ಟರು. ಆ ಕಡೆಯ ಅಧ್ಯಾಪಕರು ಹೇಳಿದ್ದನ್ನು ತಂದು ಈ ಕಡೆಯವರ ಎದುರು ಇಡಬೇಕು, ಇಬ್ಬರಲ್ಲಿ ಯಾರು ತಪ್ಪೆಂದು ವಿದ್ಯಾರ್ಥಿಗಳೇ ತೀರ್ಮಾನಿಸಬೇಕು. ಹಲವು ಸಲ ಈಪ್ಪನ್ ಸೋತರು, ಸೋತ ದಿನ ಊಟ ಸರಿಯಾಗಿ ಮಾಡಲಿಲ್ಲ. ಹೊಟ್ಟೆಕಿಚ್ಚು ಅವರನ್ನು ಬಿಟ್ಟು ಹೋಗಲೇ ಇಲ್ಲವೆಂಬುದು ನಮ್ಮ ಅನುಭವ; ಹುಡುಗರ ದಾರಿಗೆ ಅಡ್ಡ ನಿಲ್ಲುತ್ತಿದ್ದ ಅದು, ಬಳಿಕ ಅವರನ್ನು ಬೆಳಿಗ್ಗೆ ಬೇಗ ಎಬ್ಬಿಸಿ ಪಾಠ ಸಿದ್ಧಮಾಡಿಸುವುದಕ್ಕೆ ತೊಡಗಿತು, ಅಷ್ಟೆ.

ಕಳೆದ ತಿಂಗಳು ನಿವೃತ್ತರಾದ ಈಪ್ಪನ್ ಅವರು ಈಗ ಆ ವಿಶ್ವವಿದ್ಯಾಲಯದಲ್ಲೇ, ಆ ಮೇಡಂ ಅವರ ಕೋರ್ಸಿಗೇ ವಿದ್ಯಾರ್ಥಿಯಾಗಿ ಸೇರಿದ್ದಾರೆ. ಗೊತ್ತಾಗದಿದ್ದರೆ ಮಂಗಳೂರಿನಲ್ಲಿ ಎಂ.ಎಸ್ಸಿ. ಓದುತ್ತಿರುವ ಸುಹಾನಾಳಿಗೆ ಫೋನು ಮಾಡುತ್ತಾರೆ. ಮೊನ್ನೆ ಸಿಕ್ಕಿದಾಗ ಮುಖ ಬಾಡಿತ್ತು. ಆರೋಗ್ಯ ಹೇಗುಂಟು ಎಂದು ಕೇಳಿದೆವು.

"ಆರೋಗ್ಯಕ್ಕೆ ಎಂತ ಧಾಡಿ? ಮೊದಲ ಅಸೈನ್‌ಮೆಂಟಿನಲ್ಲಿ ಸುಹಾನಾಳಿಗೆ ಸಿಕ್ಕಿದಷ್ಟು ಮಾರ್ಕು ನನಗೆ ಸಿಗ್ಲಿಲ್ಲ ಮಾರಾಯ್ರೆ."

ಅರುವತ್ತರಲ್ಲಿ ತನ್ನ ಶಿಷ್ಯೆಯ ಅಂಕಗಳ ಮೇಲೆ ಕಣ್ಣಿಟ್ಟು ಓದಲು ಕುಳಿತಿರುವ ಈ ಹಿರಿಯರಿಗೆ ವಿಶ್ರಾಂತಿಯನ್ನು ಹಾರೈಸಿದರೆ ಅವರು ಮುನಿದಾರು. ಬ್ರಿಜಿತ್ ಅವರ ಸಂಗಡ ಅವರು ನೂರ್ಕಾಲ ಸುಖವಾಗಿ ಬಾಳಲಿ. ಮೂರು ತಾಲೂಕುಗಳ ಮಕ್ಕಳು ಸಂಶಯ ಹೊತ್ತು ಅವರ ಮನೆಯ ಮೆಟ್ಟಿಲು ಹತ್ತುತ್ತಲೇ ಇರಲಿ. ಮುಂದಿನ ಅಸೈನ್‌ಮೆಂಟಿನಲ್ಲೂ ಸುಹಾನಾಳಿಗಿಂತ ಒಂದೇ ಒಂದು ಅಂಕ ಅವರಿಗೆ ಕಡಿಮೆ ಬೀಳಲಿ.