ಹಲಸಿನ ಮರದಡಿಯ ಲೊಕೇಶನ್

ಅದು 2022ರ ಮೇ ತಿಂಗಳು ಇರಬೇಕು. ತಾರೀಖು ನೆನಪಿಲ್ಲ. ಹಲಸು ಹಣ್ಣಾಗಿತ್ತು, ಮಳೆ ಇನ್ನೂ ಹಿಡಿದಿರಲಿಲ್ಲ ಎಂಬಷ್ಟನ್ನು ಧೈರ್ಯವಾಗಿ ಹೇಳಬಲ್ಲೆ. ಆಗ ನಾನು ಕುಶಾಲನಗರದಲ್ಲಿ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ಕೂತು ಹೋಮ್‌ಸ್ಟೇಗಳಿಗೆ, ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದೆ. ಮೈಸೂರಿನಲ್ಲಿ ಓದಿದ್ದು ಇತಿಹಾಸ. ವೆಬ್‌ಸೈಟ್ ಕೆಲಸ ಕಲಿತದ್ದು ಆಮೇಲೆ, ನೋಡಿ ನೋಡಿ. ಇತಿಹಾಸ ಓದಿದವರಿಗೆ ಸಾಕ್ಷಿಗಳ ಮೇಲೆ ಒಂದು ಅನುಮಾನ ಅಂಟಿಕೊಂಡೇ ಇರುತ್ತದೆ. ನನಗೆ ನನ್ನ ನೆನಪಿನ ಮೇಲೂ ಇದೆ. ಇಲ್ಲಿ ಬರೆದ ಮಾತುಗಳು ಅಕ್ಷರಶಃ ಇವೇ ಎಂದು ಆಣೆ ಮಾಡಲಾರೆ. ನಡೆದದ್ದು ಮಾತ್ರ ಇದೇ.

ಗಂಗಕ್ಕನ ಹೋಮ್‌ಸ್ಟೇ ಪಾಲಿಬೆಟ್ಟದ ಕಡೆ, ಒಂದು ದೊಡ್ಡ ಎಸ್ಟೇಟಿಗೆ ಬೆನ್ನು ಕೊಟ್ಟು ನಿಂತ ಮನೆ. ಅದರ ವೆಬ್‌ಸೈಟ್ ಮಾಡಿದ್ದು ನಾನೇ. ಒಂದು ಬೆಳಿಗ್ಗೆ ಆಕೆ ಗಂಡ ಕುಶಾಲಪ್ಪನವರ ಜೊತೆ ಮೆಟ್ಟಿಲು ಹತ್ತಿ ಬಂದು, ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದರು:

"ಸುಧಾ, ನಿನ್ನ ವೆಬ್‌ಸೈಟ್ ನಮ್ಮ ನೆಂಟರನ್ನ ಆನೆ ಬಾಯಿಗೆ ಕಳಿಸ್ತಾ ಉಂಟು."

ಆಕೆಗೆ ದುಡ್ಡು ಕೊಟ್ಟು ಉಳಿಯುವ ಪ್ರವಾಸಿಗರೂ ನೆಂಟರೇ. ವಿಷಯ ಇಷ್ಟು. ಮನೆಗೆ ಬರಬೇಕಾದ ಕಾರುಗಳು ಮುಂದಿನ ಡಾಂಬರು ರಸ್ತೆ ಬಿಟ್ಟು ಎಸ್ಟೇಟಿನ ಖಾಸಗಿ ರಸ್ತೆ ಹಿಡಿದು ಅದರ ಹಿಂದಿನ ಗೇಟಿಗೆ ಹೋಗಿ ನಿಲ್ಲುತ್ತಿದ್ದವು. ಅಲ್ಲಿಂದ ಗಂಗಕ್ಕನ ಮನೆಯ ದೀಪ ಕಾಣುತ್ತದೆ, ಆದರೆ ನಡುವೆ ಆನೆ ಕಂದಕ. ಆನೆ ದಾಟಬಾರದೆಂದು ತೋಡಿದ ಆ ಆಳದ ಕಾಲುವೆಯನ್ನು ಕಾರು ದಾಟುವ ಮಾತೇ ಇಲ್ಲ. ಹಿಂದಿನ ಭಾನುವಾರ ಸಂಜೆ ಒಂದು ಕುಟುಂಬ ಮಗುವಿನ ಜೊತೆ ಆ ಗೇಟಿನ ಎದುರು ಸಿಕ್ಕಿಕೊಂಡಿತ್ತು. ಕಾರಿನ ಹಿಂದೆ ರಸ್ತೆಯ ಮೇಲೆ ಒಂಟಿ ಆನೆ. ವಾಚ್‌ಮನ್ ಮಣಿ ಗೇಟು ತೆಗೆದು ಕಾರನ್ನು ಒಳಗೆ ಬಿಟ್ಟುಕೊಂಡದ್ದರಿಂದ ಎಲ್ಲರೂ ಉಳಿದರು. ಎಸ್ಟೇಟಿನ ಮ್ಯಾನೇಜರ್ ಮರುದಿನವೇ ಎಚ್ಚರಿಸಿದ್ದರು: ಇನ್ನೊಂದು ಕಾರು ಬಂದರೆ ಹೋಮ್‌ಸ್ಟೇ ಮುಚ್ಚಿಸಲು ದೂರು ಕೊಡುತ್ತೇನೆ.

"ಮುಚ್ಚಿದ್ರೆ ಮುಚ್ಲಿ ಬಿಡು, ನಿಂಗೂ ವಿಶ್ರಾಂತಿ" ಎಂದರು ಕುಶಾಲಪ್ಪನವರು.

"ನಿಮಗೆ ಬಡಿಸಿ ಬಡಿಸಿ ಇಷ್ಟು ವರ್ಷ ಆಯ್ತಲ್ಲ, ಒಂದಿನ ಚೆನ್ನಾಗಿದೆ ಅಂದಿದ್ದೀರಾ? ಅವರು ಬರೆದು ಹಾಕ್ತಾರೆ, ಊರೆಲ್ಲ ಓದೋ ಹಾಗೆ."

ಕುಶಾಲಪ್ಪನವರು ಕಿಟಕಿಯ ಆಚೆ ಬಸ್ಸು ನೋಡತೊಡಗಿದರು. ಆ ಹೋಮ್‌ಸ್ಟೇ ಆಕೆಗೆ ಏನೆಂಬುದು ನನಗೆ ಅರ್ಥವಾದದ್ದು ಆಗ.

ನಾನು ವೆಬ್‌ಸೈಟ್ ತೆರೆದು ನಕ್ಷೆಯ ಪಿನ್ ನೋಡಿದೆ. ಪಿನ್ ಎಂದರೆ ನಕ್ಷೆಯ ಮೇಲೆ ಮನೆಯ ಜಾಗವನ್ನು ತೋರಿಸುವ ಗುರುತು. ಅದು ಸರಿಯಾಗಿ ಮನೆಯ ಮೇಲೆಯೇ ಇತ್ತು. ಆದರೂ ದಾರಿ ಹುಡುಕುವ ಆ್ಯಪ್ ಹತ್ತಿರದ ರಸ್ತೆಯೆಂದು ಎಸ್ಟೇಟಿನ ದಾರಿಯನ್ನೇ ಆರಿಸುತ್ತಿರಬಹುದು ಎಂದುಕೊಂಡು, ಪಿನ್ನನ್ನು ಮನೆಯಿಂದ ಕಿತ್ತು ಮುಂದಿನ ರಸ್ತೆಯ ಬಸ್ ತಂಗುದಾಣದ ಪಕ್ಕ ನೆಟ್ಟೆ. ಇದು ನಮ್ಮಲ್ಲಿ ಎಲ್ಲ ಹೋಮ್‌ಸ್ಟೇಗಳಿಗೂ ಒಳ್ಳೆಯ ಉಪಾಯ: ಪಿನ್ ಮನೆಯ ಮೇಲಲ್ಲ, ಕಾರು ತಿರುಗಬೇಕಾದ ಜಾಗದಲ್ಲಿರಲಿ. ಕೆಲಸ ಮುಗಿಯಿತು ಎಂದು ನಂಬಿದೆ.

ಮುಂದಿನ ವಾರ ಗಂಗಕ್ಕನ ಫೋನು. ಮತ್ತೊಂದು ಕಾರು ಅದೇ ಗೇಟಿಗೆ ಹೋಗಿತ್ತು. ಬೆಳಕಿರುವಾಗಲೇ ಬಂದದ್ದರಿಂದ ಮಣಿ ವಾಪಸ್ ಕಳಿಸಿದ್ದ. "ಇದೊಂದು ಸಲ ಮ್ಯಾನೇಜರ್ ಸಾರ್‌ಗೆ ಹೇಳಲ್ಲ ಅಂದಿದ್ದಾನೆ. ಶನಿವಾರ ಮೈಸೂರಿಂದ ಒಂದು ಬುಕಿಂಗ್ ಉಂಟು. ಬರಬೇಡಿ ಅನ್ಲಾ?"

ಕೂತಲ್ಲಿಂದ ಇದು ಬಗೆಹರಿಯುವುದಿಲ್ಲ ಎನಿಸಿ ಮರುದಿನ ಸುಂಟಿಕೊಪ್ಪದ ನನ್ನ ಮನೆಯಿಂದ ನೇರ ಅಲ್ಲಿಗೆ ಹೋದೆ. ದಾರಿಯಲ್ಲಿ ತಪ್ಪುವಂಥದ್ದೇನೂ ಕಾಣಲಿಲ್ಲ. ಊಟವಾದ ಮೇಲೆ ಒಬ್ಬ ಗ್ರಾಹಕರಿಗೆ ಫೋನ್ ಮಾಡಲು ನೋಡಿದರೆ ಸಿಗ್ನಲ್ಲಿನ ಸುಳಿವಿಲ್ಲ.

"ಮನೆ ಒಳಗೆ ರೇಂಜ್ ಎಲ್ಲಿ ಸಿಗ್ತದೆ ಮಾರಾಯ್ತಿ? ಬಾ, ನನ್ನ ಆಫೀಸಿಗೆ ಹೋಗುವ" ಎಂದು ಗಂಗಕ್ಕ ಹಿತ್ತಲಿಗೆ ಇಳಿದರು.

"ಆ ಆಫೀಸಿಗೆ ನಾನೇ ಪ್ಯೂನು" ಎಂದು ಕುಶಾಲಪ್ಪನವರು ಜಗಲಿಯಿಂದ ಕೂಗಿದರು.

ಕಾಫಿ ಗಿಡಗಳ ನಡುವೆ ಇಳಿಜಾರಿನಲ್ಲಿ ಹೋದರೆ ತೋಟದ ತುದಿಯಲ್ಲಿ ಒಂದು ಹಲಸಿನ ಮರ. ಅದರಡಿಯಲ್ಲಿ ಕೈ ಮುರಿದ ಪ್ಲಾಸ್ಟಿಕ್ ಕುರ್ಚಿ. ಫೋನಿಗೆ ಜೀವ ಬರುವುದು ಅಲ್ಲಿ ಮಾತ್ರ. ಬುಕಿಂಗ್, ಮೆಸೇಜು, ಮಗಳ ಜೊತೆ ಮಾತು, ಎಲ್ಲವೂ ಆ ಕುರ್ಚಿಯಿಂದಲೇ. ನಾನು ಫೋನ್ ಮಾಡುತ್ತಾ ಎದುರಿಗೆ ನೋಡಿದೆ. ಕಾಲ ಬುಡದಲ್ಲಿ ಕಂದಕ. ಕಂದಕದಾಚೆ ಕೂಗಿದರೆ ಕೇಳುವಷ್ಟು ದೂರದಲ್ಲಿ ಒಂದು ಗೇಟು. ಗೇಟಿನ ಬಳಿ ಬೀಡಿ ಸೇದುತ್ತಾ ಒಬ್ಬ.

"ಅಕ್ಕ, ಅದು ಯಾವ ಗೇಟು?"

"ಅದೇ, ಹಿಂದಿನ ಗೇಟು. ಅವನೇ ಮಣಿ."

ಫೋನಿನಲ್ಲಿದ್ದ ಗ್ರಾಹಕರಿಗೆ ಆಮೇಲೆ ಮಾಡುತ್ತೇನೆಂದೆ. "ನೆಂಟರು ದಾರಿ ಕೇಳಿದ್ರೆ ಏನು ಮಾಡ್ತೀರಿ?"

"ಲೊಕೇಶನ್ ಕಳಿಸ್ತೇನೆ. ಮಗಳು ಹೇಳಿಕೊಟ್ಟಿದ್ದಾಳೆ, ಇಲ್ಲಿ ಒತ್ತೋದು, ಹೋಗ್ತದೆ."

"ಇಲ್ಲಿ ಕೂತು?"

"ಮತ್ತೆಲ್ಲಿ ಕೂತು?"

ಆಕೆ ಒತ್ತುತ್ತಿದ್ದದ್ದು 'ಈಗ ಇರುವ ಜಾಗ'ವನ್ನು ಕಳಿಸುವ ಬಟನ್. ಫೋನು ಮನೆಯ ವಿಳಾಸ ಕಳಿಸುವುದಿಲ್ಲ, ಆ ಕ್ಷಣದಲ್ಲಿ ತಾನಿರುವ ಜಾಗವನ್ನು ಕಳಿಸುತ್ತದೆ. ಹಲಸಿನ ಮರಕ್ಕೆ ಹತ್ತಿರದ ರಸ್ತೆ ಕಂದಕದ ಆಚೆಯ ಎಸ್ಟೇಟ್ ರಸ್ತೆ. ವೆಬ್‌ಸೈಟಿನ ಪಿನ್ನನ್ನು ನಾನು ಎಲ್ಲಿ ನೆಟ್ಟರೂ ಒಂದೇ. ಗಂಗಕ್ಕ ಕಳಿಸಿದ ಲೊಕೇಶನ್ ಕೈಯಲ್ಲಿದ್ದವರು ಅದನ್ನು ನೋಡುತ್ತಲೇ ಇರಲಿಲ್ಲ.

ನಾನು ವಿವರಿಸಿದ್ದನ್ನು ಕೇಳಿ ಗಂಗಕ್ಕ ಮರವನ್ನೂ ಗೇಟನ್ನೂ ಎರಡೆರಡು ಸಲ ನೋಡಿದರು. "ಅಯ್ಯೋ, ಆ ಮಗು ಇದ್ದ ಕಾರನ್ನ ನಾನೇ ಕರೆದದ್ದಾ ಅಲ್ಲಿಗೆ?" ಎಂದು ಆ ಕುರ್ಚಿಯಲ್ಲಿ ಕೂತುಬಿಟ್ಟರು. ನಾನು ಏನೋ ಸಮಾಧಾನ ಹೇಳಿರಬೇಕು.

ಪರಿಹಾರ ಸುಲಭ ಎಂದುಕೊಂಡೆ. ತಂಗುದಾಣದ ಪಿನ್ನಿನ ಲಿಂಕನ್ನು ಆಕೆಯ ಫೋನಿನಲ್ಲಿ ಉಳಿಸಿ, ಎಲ್ಲರಿಗೂ ಅದನ್ನೇ ಕಳಿಸಿ ಎಂದೆ. ಆಕೆ ಒಪ್ಪಲಿಲ್ಲ.

"ಒಬ್ಬರಿಗೆ ಕಳಿಸಿದ್ದನ್ನೇ ಇನ್ನೊಬ್ಬರಿಗೆ ಕಳಿಸೋದಾ? ನಾನು ಪ್ರತಿ ಸಲ ಹೊಸದೇ ಕಳಿಸೋದು. ನೆಂಟರಿಗೆ ಯಾರಾದ್ರೂ ತಂಗಳು ಬಡಿಸ್ತಾರಾ?"

ನಗು ಬಂತು, ಆದರೆ ತಡೆದುಕೊಂಡೆ. ಆಕೆಗೆ ಅದು ಮರ್ಯಾದೆಯ ಪ್ರಶ್ನೆ. ತಾಂತ್ರಿಕವಾಗಿ ಎಷ್ಟು ಹೇಳಿದ್ದರೂ, ನಾನು ಬೆನ್ನು ತಿರುಗಿಸಿದೊಡನೆ ಆಕೆ ಹೊಸದನ್ನೇ ಬಡಿಸುತ್ತಿದ್ದರು.

"ಅಕ್ಕ, ಇದು ಅನ್ನ ಅಲ್ಲ, ಉಪ್ಪಿನಕಾಯಿ. ಒಂದು ಸಲ ಸರಿಯಾಗಿ ಹಾಕಿಟ್ರೆ ವರ್ಷವಿಡೀ ಅದನ್ನೇ ಬಡಿಸೋದು."

ಗಂಗಕ್ಕ ಫೋನನ್ನು ನನ್ನ ಕೈಗಿತ್ತು, "ಹಾಗೆ ಹೇಳು ಮತ್ತೆ" ಎಂದರು.

ಲಿಂಕಿನ ಕೆಳಗೆ ದಾರಿಯನ್ನು ಮಾತಿನಲ್ಲೂ ಬರೆದೆವು: ತಂಗುದಾಣದ ಬಳಿ ಎಡಕ್ಕೆ, ಹಳದಿ ಗೇಟು, ಮುಂದೆ ಸಿಗ್ನಲ್ ಇಲ್ಲ, ಈಗಲೇ ಉಳಿಸಿಕೊಳ್ಳಿ, ಐದು ಗಂಟೆಯೊಳಗೆ ತಲುಪಿ. ಮೈಸೂರಿನವರಿಗೆ ಗಂಗಕ್ಕ ಅದನ್ನೇ ಕಳಿಸಿದರು. ವೆಬ್‌ಸೈಟಿನಲ್ಲಿ ನಾನು ಹೆಮ್ಮೆಯಿಂದ ಹಾಕಿದ್ದ ದೊಡ್ಡ ಫೋಟೋಗಳನ್ನು ಕೆಳಗೆ ತಳ್ಳಿ, ಈ ಸಾಲುಗಳನ್ನು ಮೇಲೆ ತಂದೆ. ಚಿತ್ರವಾಗಿ ಅಲ್ಲ, ಅಕ್ಷರವಾಗಿ. ದುರ್ಬಲ ಸಿಗ್ನಲ್ಲಿನಲ್ಲೂ ಅಕ್ಷರ ಬೇಗ ತೆರೆದುಕೊಳ್ಳುತ್ತದೆ.

ಶನಿವಾರ ನಾನೂ ಹೋದೆ. ಗಂಗಕ್ಕನ ಜೊತೆ ತಂಗುದಾಣದ ಬಳಿ ನಿಂತೆ. ಗಡಿಯಾರ ಐದು ದಾಟಿತು. ಮೈಸೂರಿನ ಕಾರಿನ ಸುದ್ದಿಯಿಲ್ಲ. ನಿಂತಲ್ಲಿ ಫೋನಿಗೆ ಸಿಗ್ನಲ್ಲೂ ಇಲ್ಲ. ಆಕೆ ಹೊಸ ಲೊಕೇಶನ್ ಕಳಿಸಲು ಒಂದೆರಡು ಸಲ ಹಿತ್ತಲಿನ ಕಡೆ ಹೆಜ್ಜೆ ಹಾಕಿದರು, ನಾನು ತಡೆದೆ. ಕುಶಾಲಪ್ಪನವರು ಯಾರೂ ಹೇಳದೆಯೇ ಹಲಸಿನ ಮರದಡಿ ಹೋಗಿ, ಎಸ್ಟೇಟಿನ ಗೇಟಿನ ಮೇಲೆ ಕಣ್ಣಿಟ್ಟು ಕೂತಿದ್ದರು. ಬೆಳಕು ಇಳಿಯುತ್ತಿದ್ದಾಗ ತಿರುವಿನಲ್ಲಿ ಒಂದು ಬಿಳಿ ಕಾರು ನಿಧಾನವಾಗಿ ಬಂದು, ನಮ್ಮೆದುರು ಎಡಕ್ಕೆ ತಿರುಗಿ, ಹಳದಿ ಗೇಟಿನೊಳಗೆ ಹೋಯಿತು. ಗಂಗಕ್ಕ ಕಾರಿನ ಹಿಂದೆಯೇ ಓಡಿದರು. ನನಗೆ ಬಾ ಎನ್ನುವುದನ್ನೂ ಮರೆತರು.

ಮಣಿ ಕಂದಕದಾಚೆಯಿಂದ ಕುಶಾಲಪ್ಪನವರನ್ನು ಕೂಗಿ ಕೇಳಿದನಂತೆ: "ಏನ್ ಸಾರ್, ಇವತ್ತು ನಮ್ ಕಡೆ ಗೆಸ್ಟ್ ಇಲ್ವಾ?"

ಹೋಮ್‌ಸ್ಟೇ ನಡೆಯುತ್ತಿದೆ. ಅಂದಿನಿಂದ ಯಾರಾದರೂ ಫೋನ್ ಮಾಡಿ ನನ್ನ ವೆಬ್‌ಸೈಟ್ ಕೆಟ್ಟಿದೆ, ಕಂಪ್ಯೂಟರ್ ಸತಾಯಿಸುತ್ತಿದೆ ಎಂದರೆ ನಾನು ಮೊದಲು ಪರದೆಯ ಬಗ್ಗೆ ಕೇಳುವುದಿಲ್ಲ. "ಈಗ ಎಲ್ಲಿ ಕೂತು ಮಾತಾಡ್ತಿದ್ದೀರಿ?" ಎನ್ನುತ್ತೇನೆ. ಬಹಳ ಜನ ಅದನ್ನು ಕುಶಲ ವಿಚಾರಣೆ ಎಂದುಕೊಂಡು, ಮಳೆ ಬೆಳೆಯಿಂದ ಶುರು ಮಾಡುತ್ತಾರೆ. ನಾನು ತಡೆಯುವುದಿಲ್ಲ.