ಬೀಗರ ಬಿಳಿ ಅಂಗಿ

ಸಿಂಧನೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಹಟ್ಟಿ ಗಣಿಯಿಂದ ನಿವೃತ್ತರಾದವರು. ಗೋಡೆಗೆ ಮೊಳೆ ಹೊಡೆದರೂ ಒಂದು ಕಣ್ಣು ಮುಚ್ಚಿ ನೋಡಿ, "ನಟ್ಟನಡುವ ಕುಂತದ ನೋಡ್ರಿ" ಎನ್ನುತ್ತಿದ್ದರು.

ಅವರ ಹಳೆಯ ಕಾರಿನ ಕ್ಲಚ್ ಹೋಯಿತು. ಮಗಳನ್ನು ಕೊಟ್ಟ ಬೀಗರದು ಮಸ್ಕಿಯಲ್ಲಿ ಗ್ಯಾರೇಜು. ಅಲ್ಲಿಗೆ ಒಯ್ದರೆ ಅವರು ರೊಕ್ಕ ಮುಟ್ಟುವುದಿಲ್ಲ. ಬೇರೆ ಕಡೆ ಒಯ್ದರೆ ಮುನಿಸು. "ಬೀಗರ ಕೈಲೆ ದುಡಿಸ್ಕೊಳ್ಳೋದು ಚಂದಲ್ರಿ" ಎಂದು ಇವರು ಅಂಗಳದಲ್ಲೇ ಕಾರೆತ್ತಿ ಗೇರ್‌ಬಾಕ್ಸ್ ಇಳಿಸಿದರು. ಹೊಸ ಕ್ಲಚ್ ಪ್ಲೇಟು ಸರಿಯಾಗಿ ನಡುವೆ ಕೂರಲೆಂದು ಸಲಿಕೆಯ ಕಾವಿನ ತುಂಡಿಗೆ ಟೇಪು ಸುತ್ತಿ ಅದರ ತೂತಿನಲ್ಲಿ ತೂರಿಸಿ, ಒಂದು ಕಣ್ಣು ಮುಚ್ಚಿ ಅದೇ ಮಾತು ಹೇಳಿದರು.

ಎಲ್ಲ ಜೋಡಿಸಿ ಚಾಲೂ ಮಾಡಿದರೆ, ಪೆಡಲು ಎಷ್ಟು ತುಳಿದರೂ ಗೇರು ಬೀಳಲಿಲ್ಲ. ಸಂತೆಗೆ ಬಂದಿದ್ದ ಬೀಗರು ಅದೇ ಹೊತ್ತಿಗೆ ಊಟಕ್ಕೆಂದು ಬರಬೇಕೆ! ಮಗಳ ಮದುವೆಯಲ್ಲಿ ಇವರೇ ಆಯೇರಿ ಕೊಟ್ಟ ಬಟ್ಟೆಯಲ್ಲಿ ಹೊಲಿಸಿದ ಬಿಳಿ ಅಂಗಿ ತೊಟ್ಟಿದ್ದರು. ಇವರು ಕೈ ಹಿಡಿದು ತಡೆಯುವಷ್ಟರಲ್ಲಿ ಬೀಗರು ಕಾರಿನಡಿ ಮಲಗಿಯಾಗಿತ್ತು.

ಸಂಜೆ ಕೆಲಸ ಮುಗಿಸಿ ಎದ್ದ ಬೀಗರು ಮೆಲ್ಲಗೆ, "ನಟ್ಟನಡುವನ ಕುಂತಿತ್ರಿ. ಪ್ಲೇಟು ಹಿಂದಮುಂದ ಆಗಿತ್ತಷ್ಟ" ಎಂದರು.

ಇವರು ತಲೆ ಎತ್ತಲಿಲ್ಲ. ಬೀಗರಿಗೆ ತಮ್ಮದೊಂದು ಅಂಗಿ ಕೊಟ್ಟು, ಕರಿ ಎಣ್ಣೆ ಹತ್ತಿದ ಬಿಳಿ ಅಂಗಿ ಇಸಿದುಕೊಂಡರು. "ತರ್ರಿ ಇಲ್ಲಿ, ನಾ ಒಗಿತೀನಿ" ಎಂದು ಹೆಂಡತಿ ಕೈ ಚಾಚಿದರೂ ಕೊಡಲಿಲ್ಲ. ತಾವೇ ಒಗೆಯುವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕಲೆ ತಿಕ್ಕತೊಡಗಿದರು.

ತಾಟಿನ ಮುಂದೆ ಕೂತ ಬೀಗರು ಒಳಗಿನಿಂದ ಕರೆದದ್ದು ನಮ್ಮ ಮನೆಯವರೆಗೂ ಕೇಳಿಸಿತು: "ಬೀಗರ, ಬರ್ರಿ, ಕೂಡಿ ಉಣ್ಣೋಣು."

ಇವರು ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟರು.